ಲಂಟಾನ: ಕಡಿದ ಮೇಲೆ ಶುರುವಾಗುವ ಕೆಲಸ

ಕಾಡಂಚಿನ ರಸ್ತೆ ಬದಿಯ ಲಂಟಾನ ಪೊದೆಯನ್ನು ಬೇಸಿಗೆಯಲ್ಲಿ ಮಚ್ಚಿನಿಂದ ನೆಲಮಟ್ಟಕ್ಕೆ ಸವರಿ ಹಾಕಿದರೆ ಒಂದೆರಡು ತಿಂಗಳು ಆ ಜಾಗ ಬೋಳಾಗಿ, ನೋಡುವವರ ಕಣ್ಣಿಗೆ ಹಿತವಾಗಿ ಕಾಣುತ್ತದೆ. ಮುಂಗಾರಿನ ನಾಲ್ಕು ಮಳೆ ಬಿದ್ದ ಮೇಲೆ ಬಗ್ಗಿ ಬುಡ ನೋಡಬೇಕು. ಕಡಿದ ಮೋಟಿನ ಸುತ್ತ ಬೆರಳುದ್ದದ ಚಿಗುರುಗಳು ಎದ್ದಿರುತ್ತವೆ. ನಡುವಿನ ಖಾಲಿ ನೆಲದಲ್ಲಿ, ಅಷ್ಟು ದಿನ ನೆರಳಿನಡಿ ಬಿದ್ದಿದ್ದ ಬೀಜಗಳು ಬಿಸಿಲು ಕಂಡು ಮೊಳೆತಿರುತ್ತವೆ. ಮರುವರ್ಷಕ್ಕೆ ಹಳೆಯ ಪೊದೆ ಮೊದಲಿಗಿಂತ ದಟ್ಟ, ಪಕ್ಕದಲ್ಲಿ ಅದರ ಮರಿಗಳು.

ಇದು ಕಾಡಿನ ಕೆಲಸ ಮಾಡಿದವರಿಗೆಲ್ಲ ಗೊತ್ತಿರುವ ಸಂಗತಿ. ಆದರೂ ಲಂಟಾನ ತೆರವು ಎಂದರೆ ಇವತ್ತಿಗೂ ಅನೇಕ ಕಡೆ ಎಕರೆಗಿಷ್ಟು ಎಂದು ಗುತ್ತಿಗೆ, ನೆಲಮಟ್ಟಕ್ಕೆ ಕಡಿತ, ಎರಡು ಫೋಟೊ, ಒಂದು ಬಿಲ್ಲು. ಹಣ ಖರ್ಚಾಗುತ್ತದೆ, ಗಿಡ ಉಳಿಯುತ್ತದೆ. ತಪ್ಪು ಕೆಲಸಗಾರರದಲ್ಲ. ಗಿಡದ ಜೀವ ಎಲ್ಲಿದೆ ಎಂದು ನೋಡದೆ ಅದರ ತಲೆ ತೆಗೆಯಲು ಹೇಳುವ ಯೋಜನೆಯದು.

ಲಂಟಾನ ಕ್ಯಾಮರಾ ನಮ್ಮ ನೆಲದ್ದಲ್ಲ, ಉಷ್ಣವಲಯದ ಅಮೆರಿಕದ್ದು. ಹದಿನೇಳನೇ ಶತಮಾನದಲ್ಲಿ ಡಚ್ಚರು ಅದನ್ನು ಬ್ರೆಜಿಲ್‌ನಿಂದ ಯುರೋಪಿಗೆ ಒಯ್ದರು. ಅಲ್ಲಿನ ಗಾಜಿನ ಮನೆಗಳಲ್ಲಿ ತೋಟಗಾರರು ಒಂದಕ್ಕೊಂದು ಅಡ್ಡತಳಿ ಮಾಡಿ ಹಳದಿ, ಕಿತ್ತಳೆ, ಗುಲಾಬಿ, ಕೆಂಪು ಎಂದು ಬಣ್ಣಬಣ್ಣದ ತಳಿ ತೆಗೆದರು. 1807ರ ಸುಮಾರಿಗೆ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ಬಂಗಲೆಗಳ ಅಂಗಳಕ್ಕೆ, ಕಾಫಿ ತೋಟದ ಬೇಲಿಗೆ, ಬೇಲಿಯಿಂದ ಕಾಡಿಗೆ. ಬೇಲಿಯೇ ಎದ್ದು ಹೊಲ ಮೇಯ್ದ ಕಥೆ ಇದು. 1916ರಲ್ಲೇ ಅರಣ್ಯಾಧಿಕಾರಿ ಟೈರ್‌ಮನ್ ಕೊಡಗಿನ ಕಾಡುಗಳ ಲಂಟಾನದ ಬಗ್ಗೆ ‘ಇಂಡಿಯನ್ ಫಾರೆಸ್ಟರ್’ ಪತ್ರಿಕೆಯಲ್ಲಿ ಬರೆದಿದ್ದರು. ಅಂದರೆ ಇದು ಮೊನ್ನೆ ಮೊನ್ನೆ ಕಂಡ ತೊಂದರೆಯಲ್ಲ. ನೂರು ವರ್ಷದಿಂದ ಕಡಿಯುತ್ತಲೇ ಬಂದಿದ್ದೇವೆ.

ಈಗ ಅದು ಎಲ್ಲಿಗೆ ಮುಟ್ಟಿದೆ? ಭಾರತೀಯ ವನ್ಯಜೀವಿ ಸಂಸ್ಥೆಯ ವಿಜ್ಞಾನಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ದೇಶದ ಹುಲಿಕಾಡುಗಳಲ್ಲಿ 1,54,000 ಚದರ ಕಿಲೋಮೀಟರಿಗೂ ಹೆಚ್ಚು ಜಾಗ ಲಂಟಾನದ ಹಿಡಿತಕ್ಕೆ ಸಿಕ್ಕಿದೆ. ಹುಲಿ ನೆಲೆಯ ನೂರಕ್ಕೆ ನಲವತ್ತರಷ್ಟು ಭಾಗ ಎಂದಿಟ್ಟುಕೊಳ್ಳಿ. ಇಷ್ಟು ದೊಡ್ಡ ಅಂಕಿ ಕೇಳಿದಾಗ ಕೈಚೆಲ್ಲಿ ಕೂರುವುದು ಸುಲಭ. ಅದಕ್ಕೇ ಅಂಕಿಯನ್ನು ಅಲ್ಲೇ ಬಿಟ್ಟು ಒಂದು ಬೆಟ್ಟ, ಆಮೇಲೆ ಒಂದು ಬುಡ ನೋಡುವುದು ವಾಸಿ.

ಬೆಟ್ಟ ಚಾಮರಾಜನಗರದ ಬಿಳಿಗಿರಿರಂಗನದು. ಸುಮಾರು 540 ಚದರ ಕಿಲೋಮೀಟರ್ ಕಾಡು, 1974ರಲ್ಲಿ ಅಭಯಾರಣ್ಯವಾಯಿತು, 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶ. ಬೆಂಗಳೂರಿನ ಏಟ್ರೀ ಸಂಸ್ಥೆಯ ಸಂಶೋಧಕರು ಇಲ್ಲಿ 1997ರಲ್ಲಿ ಗುರುತು ಮಾಡಿದ ಜಾಗಗಳಿಗೆ 2008ರಲ್ಲಿ ಮತ್ತೆ ಹೋಗಿ ಲೆಕ್ಕ ಹಾಕಿದರು. ಮೊದಲ ಸಲ ನೂರರಲ್ಲಿ 41 ಜಾಗಗಳಲ್ಲಿದ್ದ ಲಂಟಾನ ಹನ್ನೊಂದು ವರ್ಷದಲ್ಲಿ 81 ಜಾಗಗಳಲ್ಲಿ ಕಂಡಿತು. ಅದು ದಟ್ಟವಾದ ಕಡೆ ಮೂಲ ಮರಗಳ ಎಳೆಗಿಡಗಳು ಕಡಿಮೆಯಾಗಿದ್ದವು. ಈಗಿರುವ ದೊಡ್ಡ ಮರಗಳನ್ನು ಲಂಟಾನ ಸಾಯಿಸುವುದಿಲ್ಲ. ಅವು ಮುದಿಯಾಗಿ ಬಿದ್ದ ದಿನ ಜಾಗ ತುಂಬಬೇಕಾದ ಮರಿಗಳನ್ನು ಏಳಗೊಡುವುದಿಲ್ಲ. ಹೊರಗಿನಿಂದ ನೋಡುವವರಿಗೆ ಕಾಡು ಹಸಿರಾಗಿಯೇ ಕಾಣುತ್ತದೆ. ಪ್ರವಾಸಿ ಜೀಪಿನಲ್ಲಿ ಕೂತವರು ‘ಎಷ್ಟು ದಟ್ಟ ಕಾಡು’ ಎಂದು ಫೋಟೊ ತೆಗೆಯುವುದು ಎಷ್ಟೋ ಸಲ ಲಂಟಾನದ ಗೋಡೆಯನ್ನೇ.

ಹುಲ್ಲಿನ ಮೇಲಿನ ಪರಿಣಾಮ ಇನ್ನೂ ನೇರ. ಒಣ ಎಲೆಯುದುರುವ ಕಾಡಿನಲ್ಲಿ ಮರಗಳ ನಡುವೆ ಬಿಸಿಲು ಬೀಳುವ ಕಡೆ ಹುಲ್ಲು ಬೆಳೆಯುತ್ತದೆ. ಕಾಟಿ, ಜಿಂಕೆ, ಆನೆ ಬದುಕುವುದು ಅದರ ಮೇಲೆ. ಲಂಟಾನ ಬೇಕೆನ್ನುವುದೂ ಅದೇ ಬಿಸಿಲನ್ನು. ಆಳೆತ್ತರಕ್ಕೂ ಮೀರಿ ಬೆಳೆದು, ಮರ ಸಿಕ್ಕರೆ ಹತ್ತಿ, ಒಂದಕ್ಕೊಂದು ಹೆಣೆದುಕೊಂಡ ಪೊದೆಯಡಿ ಹುಲ್ಲು ಉಳಿಯುವುದಿಲ್ಲ. ಎಲೆಯನ್ನು ಪ್ರಾಣಿಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಮೇವು ಕಡಿಮೆಯಾದ ಕಾಡಿನಿಂದ ಆನೆ ರಾಗಿ ಹೊಲಕ್ಕೆ ಬರುವುದಕ್ಕೆ ಲಂಟಾನವೊಂದೇ ಕಾರಣ ಎನ್ನಲಾಗದು. ಹೊಲದ ಬೆಳೆ ರುಚಿಯೂ ಹೌದು, ದಾರಿ ಮುಚ್ಚಿದ್ದೂ ಹೌದು. ಆದರೆ ಕಾಡಿನೊಳಗಿನ ತಟ್ಟೆ ಬರಿದಾಗಿದ್ದೂ ಒಂದು ಕಾರಣವೆನ್ನಲು ಸಂಕೋಚ ಬೇಕಿಲ್ಲ. ಕಾಲುದಾರಿಯಲ್ಲಿ ನಡೆಯುವವರಿಗೆ ಇನ್ನೊಂದು ಕಷ್ಟ: ಹತ್ತು ಹೆಜ್ಜೆ ಮುಂದೆ ಆನೆ ನಿಂತಿದ್ದರೂ ಪೊದೆಯಾಚೆ ಕಾಣುವುದಿಲ್ಲ.

ಇನ್ನು ಬೆಂಕಿ. ಈ ಬೆಟ್ಟದ ಮೂಲನಿವಾಸಿಗಳಾದ ಸೋಲಿಗರ ಹಿರಿಯರು ಹೇಳುವುದು ಹೀಗೆ: ಹಿಂದೆ ಚಳಿಗಾಲ ಕಳೆಯುತ್ತಿದ್ದಂತೆ, ಎಲೆ ಉದುರಿ ಇನ್ನೂ ಪೂರ್ತಿ ಒಣಗದಿದ್ದಾಗ, ‘ತರಗು ಬೆಂಕಿ’ ಹಾಕುತ್ತಿದ್ದರು. ನೆಲದ ತರಗೆಲೆ, ಒಣಹುಲ್ಲು ಮಾತ್ರ ಸುಟ್ಟು ಮೊಣಕಾಲೆತ್ತರದಲ್ಲೇ ಹಾದುಹೋಗುವ ಬೆಂಕಿ ಅದು. ಲಂಟಾನದ ಎಳೆ ಸಸಿಗಳು ಅದರಲ್ಲಿ ಸಾಯುತ್ತಿದ್ದವು. ನೆಲ್ಲಿ ಮರವನ್ನು ಹಿಂಡುವ, ಅವರು ಉಪ್ಪಿಲು ಎನ್ನುವ ಬಂದಳಿಕೆಯೂ ಹದ್ದುಬಸ್ತಿನಲ್ಲಿರುತ್ತಿತ್ತು. ಅಭಯಾರಣ್ಯವಾದ ಮೇಲೆ ಬೆಂಕಿಗೆ ನಿಷೇಧ ಬಂತು. ಬೆಂಕಿ ನಿಂತಿತು, ಲಂಟಾನ ಏರಿತು ಎಂಬುದು ಅವರ ಲೆಕ್ಕ.

ಇದಕ್ಕೆ ಎದುರಾದ ಮಾತೂ ಇದೆ, ಅದನ್ನು ಮುಂದಿಟ್ಟವರಲ್ಲಿ ಅದೇ ಬೆಟ್ಟದಲ್ಲಿ ದುಡಿದ ಸಂಶೋಧಕರೇ ಇದ್ದಾರೆ. ಬೇಸಿಗೆಯ ಬೆಂಕಿ ಕಾಡಿನ ನೆರಳು ತೆಗೆದು ಲಂಟಾನಕ್ಕೆ ಬಾಗಿಲು ತೆರೆಯುತ್ತದೆ. ಲಂಟಾನ ದಟ್ಟವಾದಷ್ಟೂ ಅದರ ಒಣ ಕಡ್ಡಿ ಮುಂದಿನ ಬೆಂಕಿಗೆ ಉರುವಲಾಗಿ ಜ್ವಾಲೆಯನ್ನು ಮರದ ನೆತ್ತಿಯವರೆಗೆ ಏರಿಸುತ್ತದೆ. ಬೆಂಕಿಯಾದ ಮೇಲೆ ಮರದ ಮರಿಗಳು ಸತ್ತಿರುತ್ತವೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ. 2019ರ ಫೆಬ್ರವರಿಯಲ್ಲಿ ಬಂಡೀಪುರ ಹೊತ್ತಿ ಉರಿದಾಗ ಒಣಗಿ ನಿಂತ ಲಂಟಾನದ ಮಾತು ಮತ್ತೆ ಮತ್ತೆ ಬಂದದ್ದು ಇದೇ ಕಾರಣಕ್ಕೆ.

ಎರಡೂ ಮಾತು ಒಂದಕ್ಕೊಂದು ಹೊಡೆದಾಡುತ್ತಿಲ್ಲ ಎಂಬುದು ನನ್ನ ತಿಳಿವು. ಸೋಲಿಗರು ಹೇಳುತ್ತಿರುವುದು ಲಂಟಾನ ಚಿಕ್ಕದಿದ್ದ ಕಾಲದ, ತಂಪು ಹೊತ್ತಿನ ಸಣ್ಣ ಬೆಂಕಿಯ ಬಗ್ಗೆ. ವಿಜ್ಞಾನಿಗಳು ಹೆದರುವುದು ಲಂಟಾನ ತುಂಬಿದ ಕಾಡಿಗೆ ಮಾರ್ಚಿನಲ್ಲಿ ಬೀಳುವ ಬೆಂಕಿಗೆ. ಹಾಗೆಂದು ಈಗ ಹೋಗಿ ತರಗು ಬೆಂಕಿ ಇಡಲಾಗದು, ಇಡಬಾರದು. ಅಷ್ಟು ಉರುವಲು ಕೂತಿರುವ ಕಡೆ ಸಣ್ಣ ಬೆಂಕಿ ಸಣ್ಣದಾಗಿ ಉಳಿಯುವುದಿಲ್ಲ. ಮೊದಲು ಪೊದೆ ಹೋಗಬೇಕು. ಹುಲ್ಲು ಬಂದ ಮೇಲೆ, ಊರವರೂ ಇಲಾಖೆಯೂ ಕೂತು ಬೆಂಕಿಯ ಮಾತಾಡಬಹುದು.

ಪೊದೆ ಹೋಗುವುದು ಹೇಗೆ ಎಂಬುದಕ್ಕೆ ಬರೋಣ. ಲಂಟಾನದ ಬುಡವನ್ನು ಒಮ್ಮೆ ಮಣ್ಣು ಸರಿಸಿ ನೋಡಬೇಕು. ಮೇಲೆ ನಾಲ್ಕು ಮೂಲೆಯ, ಹಿಮ್ಮುಖ ಮುಳ್ಳಿನ ಕಾಂಡಗಳು ಹತ್ತಾರು. ಅವೆಲ್ಲ ಬಂದು ಸೇರುವುದು ನೆಲಮಟ್ಟದಲ್ಲಿ ಗಂಟುಗಂಟಾದ ಒಂದು ಬುಡಕ್ಕೆ. ಅದರ ಕೆಳಗೆ ಒಂದು ತಾಯಿಬೇರು ನೆಟ್ಟಗೆ ಇಳಿದಿರುತ್ತದೆ, ಸುತ್ತ ಸಣ್ಣ ಬೇರುಗಳು ಮಣ್ಣಿನ ಮೇಲ್ಪದರದಲ್ಲೇ ಹರಡಿರುತ್ತವೆ. ಮರುಚಿಗುರಿನ ಮೊಗ್ಗುಗಳಿರುವುದು ಆ ಗಂಟಿನಲ್ಲಿ. ಗಂಟಿನ ಮೇಲೆ ಎಲ್ಲಿ ಕಡಿದರೂ ಅದು ಚಿಗುರುತ್ತದೆ. ಗಂಟಿನ ಕೆಳಗೆ ತಾಯಿಬೇರು ಕತ್ತರಿಸಿದರೆ ಮಣ್ಣಿನಲ್ಲುಳಿದ ಬೇರಿಗೆ ಮತ್ತೆ ಗಿಡವಾಗುವ ಶಕ್ತಿಯಿಲ್ಲ.

ಇಷ್ಟನ್ನೇ ಆಧಾರ ಮಾಡಿಕೊಂಡು ದೆಹಲಿ ವಿಶ್ವವಿದ್ಯಾಲಯದ ಪ್ರೊ. ಸಿ. ಆರ್. ಬಾಬು ಮತ್ತು ಅವರ ಸಂಗಡಿಗರು ಬೇರುಕಡಿತದ ವಿಧಾನವೊಂದನ್ನು ರೂಪಿಸಿ, ಕಾರ್ಬೆಟ್ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಮಾಡಿ ತೋರಿಸಿದರು. ಕೆಲಸ ಹೀಗೆ. ಒಬ್ಬರು ಉದ್ದ ಕೋಲಿನಿಂದ ಕಾಂಡಗಳನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದು ಬುಡ ಕಾಣುವಂತೆ ಮಾಡುತ್ತಾರೆ. ಇನ್ನೊಬ್ಬರು ಗುದ್ದಲಿಯನ್ನೋ ಪಿಕಾಸಿಯನ್ನೋ ಬುಡದ ಗಂಟಿನಿಂದ ಮೂರರಿಂದ ಐದು ಸೆಂಟಿಮೀಟರ್ ಕೆಳಗೆ, ಎಂದರೆ ಎರಡು ಬೆರಳು ಆಳದಲ್ಲಿ, ಓರೆಯಾಗಿ ಹಾಕಿ ತಾಯಿಬೇರು ತುಂಡರಿಸುತ್ತಾರೆ. ಆಳವಾಗಿ ಅಗೆಯುವ ಅಗತ್ಯವಿಲ್ಲ. ಸರಿಯಾಗಿ ಬಿದ್ದರೆ ಎರಡು ಮೂರು ಏಟಿಗೆ ಇಡೀ ಪೊದೆ ಸಡಿಲವಾಗುತ್ತದೆ. ಅದನ್ನೆತ್ತಿ ಬುಡ ಮೇಲಾಗಿ, ತಲೆ ಕೆಳಗಾಗಿ ಇಡಬೇಕು. ಈ ಕೊನೆಯದನ್ನು ಅಸಡ್ಡೆಯಿಂದ ಬಿಡುವವರೇ ಹೆಚ್ಚು. ಕಾಂಡ ಹಸಿ ಮಣ್ಣಿಗೆ ತಾಗಿ ಬಿದ್ದಿದ್ದರೆ ಗಿಣ್ಣಿನಲ್ಲಿ ಬೇರು ಬಿಟ್ಟು ಮತ್ತೆ ಹತ್ತಿಕೊಳ್ಳುತ್ತದೆ. ತಲೆಕೆಳಗಾದ ಪೊದೆಯ ಬುಡ ಬಿಸಿಲಿಗೆ ಒಣಗಿ ಸಾಯುತ್ತದೆ.

ಯಾವಾಗ ಮಾಡಬೇಕು ಎಂಬುದೂ ಅಷ್ಟೇ ಮುಖ್ಯ. ನೆಲ ಕಲ್ಲಾದ ಏಪ್ರಿಲ್ಲಿನಲ್ಲಿ ಗುದ್ದಲಿ ಇಳಿಯುವುದಿಲ್ಲ, ಕೆಲಸಗಾರ ಬೇಸತ್ತು ಮೇಲೆಯೇ ಕಡಿದು ಮುಗಿಸುತ್ತಾನೆ. ಮಣ್ಣು ಹದವಾಗಿರುವಾಗ, ಕಾಯಿ ಹಣ್ಣಾಗುವ ಮೊದಲು ಮಾಡಿದರೆ ಅರ್ಧ ಶ್ರಮ. ಹಣ್ಣಾದ ಪೊದೆಯನ್ನು ಎಳೆದಾಡಿದರೆ ನಾವೇ ಬೀಜ ಬಿತ್ತಿದಂತೆ.

ಜೆಸಿಬಿ ತಂದು ಒಂದೇ ದಿನದಲ್ಲಿ ಹತ್ತು ಎಕರೆ ಎತ್ತಿಸುವ ಆಸೆ ಹಲವರಿಗಿದೆ. ಹೊಲ ಮಾಡುವುದಿದ್ದರೆ ಸರಿ, ಮುಂದೆ ಉಳುಮೆ ಇರುತ್ತದೆ. ಕಾಡಿನಲ್ಲಿ ಅದು ಕೆಟ್ಟ ದಾರಿ. ಮಣ್ಣು ಬುಡಮೇಲಾಗುತ್ತದೆ, ಉಳಿದಿದ್ದ ಹೊನ್ನೆ, ಮತ್ತಿ, ದಿಂಡಿಗದ ಮರಿಗಳು ಪೊದೆಯ ಜೊತೆಗೇ ಹೋಗುತ್ತವೆ. ಕೆದರಿದ ಮಣ್ಣಿಗೆ ಮೊದಲು ಓಡಿ ಬರುವುದು ಪಾರ್ಥೇನಿಯಂ, ಹಿಂದೆಯೇ ಕಮ್ಯುನಿಸ್ಟ್ ಗಿಡ. ಕಳೆನಾಶಕದ ಬಗ್ಗೆಯೂ ನನ್ನ ಅಭಿಪ್ರಾಯ ಬೇರೆಯಲ್ಲ. ಹಳ್ಳದ ನೀರು ಕುಡಿಯುವ ಪ್ರಾಣಿಗಳೂ ಜೇನು ಕೀಳುವ ಜನರೂ ಇರುವ ಕಾಡಿನಲ್ಲಿ ಅದಕ್ಕೆ ಜಾಗವಿಲ್ಲ.

ಬುಡ ತೆಗೆದಾಯಿತು. ಉಳಿದದ್ದು ಬೀಜ. ಲಂಟಾನದ ಹೂಗೊಂಚಲನ್ನು ಹತ್ತಿರದಿಂದ ನೋಡಿ: ನಡುವಿನ ಹೊಸ ಹೂಗಳು ಹಳದಿ, ಅಂಚಿನ ಹಳೆಯವು ಗುಲಾಬಿ ಅಥವಾ ಕಿತ್ತಳೆ. ಮಕರಂದವಿರುವುದು ಹಳದಿ ಹೂಗಳಲ್ಲಿ. ಪರಾಗ ಸಿಕ್ಕಿ ಕೆಲಸ ಮುಗಿದ ಹೂ ಬಣ್ಣ ಬದಲಿಸಿಕೊಂಡು ಗೊಂಚಲಿನಲ್ಲೇ ಉಳಿದು, ದೂರದ ಚಿಟ್ಟೆಗೆ ಕಾಣುವಂತೆ ಗೊಂಚಲನ್ನು ದೊಡ್ಡದು ಮಾಡುತ್ತದೆ. ಒಳ್ಳೆಯ ಏರ್ಪಾಡು. ಆಮೇಲೆ ಹಸಿರು ಕಾಯಿ, ಮಾಗಿ ಕಪ್ಪು ನೀಲಿ ಹಣ್ಣು. ಪಿಕಳಾರ, ಗೊರವಂಕ ಮುಂತಾದ ಹಕ್ಕಿಗಳು ತಿಂದು ಮರದ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕುತ್ತವೆ. ಒಂದು ದೊಡ್ಡ ಗಿಡ ವರ್ಷಕ್ಕೆ ಹನ್ನೆರಡು ಸಾವಿರದವರೆಗೆ ಹಣ್ಣು ಬಿಡಬಲ್ಲದು.

ಹಕ್ಕಿಯ ಈ ಅಭ್ಯಾಸವೇ ಎಲ್ಲಿ ಹುಡುಕಬೇಕೆಂದು ಹೇಳಿಕೊಡುತ್ತದೆ. ತೆರವು ಮಾಡಿದ ಜಾಗದಲ್ಲಿ ಹೊಸ ಸಸಿಗಳು ಎಲ್ಲೆಡೆ ಸಮನಾಗಿ ಬರುವುದಿಲ್ಲ. ಒಂಟಿ ಮರದ ಕೆಳಗೆ, ಬೇಲಿ ಕಂಬದ ಬುಡದಲ್ಲಿ, ಹಳ್ಳದ ದಡದಲ್ಲಿ, ಮಳೆನೀರು ಹರಿದು ನಿಲ್ಲುವ ತಗ್ಗಿನಲ್ಲಿ ಗುಂಪಾಗಿ ಏಳುತ್ತವೆ. ಮೊದಲ ಮಳೆಗಾಲದ ನಂತರ ಇಂಥ ಕಡೆ ಮಾತ್ರ ಸುತ್ತು ಹಾಕಿದರೂ ಬಹುಪಾಲು ಸಸಿ ಸಿಗುತ್ತವೆ. ಗೇಣುದ್ದ ಇದ್ದಾಗ ಕೈಯಿಂದ ಕಿತ್ತರೆ ಬೇರು ಸಮೇತ ಬರುತ್ತದೆ. ಮಂಡಿಯೆತ್ತರವಾಗಲು ಬಿಟ್ಟರೆ ಮತ್ತೆ ಗುದ್ದಲಿ ಬೇಕು. ಎರಡನೇ ವರ್ಷ ಇನ್ನೊಂದು ಸುತ್ತು, ಮೂರನೇ ವರ್ಷವೂ ಒಂದು. ಯೋಜನೆಯ ಕಾಗದದಲ್ಲಿ ಈ ಮೂರು ಸುತ್ತಿನ ಕೂಲಿ ಮೊದಲೇ ಬರೆದಿಲ್ಲದಿದ್ದರೆ ಮೊದಲ ವರ್ಷದ ಹಣವನ್ನೂ ಖರ್ಚು ಮಾಡಬಾರದು. ಕಠಿಣ ಮಾತು ಅನ್ನಿಸಬಹುದು. ನೂರು ಎಕರೆ ಒಮ್ಮೆ ಕಡಿಯುವುದಕ್ಕಿಂತ ಇಪ್ಪತ್ತು ಎಕರೆಗೆ ಮೂರು ವರ್ಷ ಹಿಂತಿರುಗಿ ಬರುವುದರಲ್ಲಿ ಅರ್ಥವಿದೆ.

ಖಾಲಿ ನೆಲವನ್ನು ಖಾಲಿಯಾಗಿ ಬಿಡಬಾರದು. ಹತ್ತಿರದಲ್ಲೇ ಹುಲ್ಲು ಉಳಿದಿದ್ದರೆ ಅದೇ ಬರುತ್ತದೆ, ಸ್ವಲ್ಪ ಕಾಲ ದನ ಬಿಡದಿದ್ದರೆ ಸಾಕು. ಲಂಟಾನ ಹತ್ತಾರು ವರ್ಷ ಕೂತಿದ್ದ ಕಡೆ ಹುಲ್ಲಿನ ಬೀಜವೂ ಮಣ್ಣಿನಲ್ಲಿ ಉಳಿದಿರುವುದಿಲ್ಲ. ಅಲ್ಲಿ ಅದೇ ಕಾಡಿನ ಹುಲ್ಲಿನ ತೆನೆ ಕೊಯ್ದು ತಂದು ಮಳೆಗೆ ಮೊದಲು ಎರಚಬೇಕು, ತೇವದ ಕಡೆ ಬಿದಿರು, ಒಣ ಕಡೆ ನೆಲ್ಲಿ, ಹೊನ್ನೆ, ತಾರೆ ನೆಡಬೇಕು. ನೆರಳು ಕೂಡಿಬಂದಷ್ಟೂ ಲಂಟಾನಕ್ಕೆ ಕಷ್ಟ. ಬೇಗ ಬೆಳೆಯುತ್ತದೆಂದು ಇನ್ನೊಂದು ಪರದೇಶಿ ಮರ ನೆಡುವುದು ಮಾತ್ರ ಬೇಡ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನು ಒಂದು ಕಾಲದಲ್ಲಿ ಅಂದಕ್ಕೆ, ಸೌದೆಗೆ ಎಂದು ನೆಟ್ಟರು. ಇವತ್ತು ಬಂಡೀಪುರ, ಮುದುಮಲೆ, ವಯನಾಡು ಮೂರೂ ಕಡೆ ಅದನ್ನು ತೆಗೆಯುವುದೇ ಒಂದು ಪ್ರತ್ಯೇಕ ಕೆಲಸ. ಅದೂ ಕಡಿದರೆ ಚಿಗುರುವ ಜಾತಿ. ನಿಂತಲ್ಲೇ ಬುಡದ ತನಕ ತೊಗಟೆ ಸುಲಿದು ಒಣಗಿಸಬೇಕು.

ಎಲ್ಲಿಂದ ಶುರು ಮಾಡಬೇಕು ಎಂಬ ಪ್ರಶ್ನೆಗೆ ಹೆಚ್ಚಿನವರ ಉತ್ತರ: ಎಲ್ಲಿ ಹೆಚ್ಚಿದೆಯೋ ಅಲ್ಲಿಂದ. ಇದು ತಿರುಗಾಮುರುಗಾ. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಜೋನ್ ಮತ್ತು ಐಲೀನ್ ಬ್ರ್ಯಾಡ್ಲಿ ಎಂಬ ಅಕ್ಕತಂಗಿಯರು ತಮ್ಮ ಮನೆಯ ಸುತ್ತಲಿನ ಕುರುಚಲು ಕಾಡಿನಲ್ಲಿ ಕಳೆ ಕೀಳುತ್ತಾ ಕಂಡುಕೊಂಡ ಸೂತ್ರ ಬೇರೆ. ಚೆನ್ನಾಗಿರುವ ಕಾಡಿನಿಂದ ಹಾಳಾದ ಕಾಡಿನತ್ತ ಹೋಗಬೇಕು. ಎಕರೆಗೆ ಹತ್ತು ಗಿಡ ಇರುವ ಕಡೆ ಅರ್ಧ ದಿನದಲ್ಲಿ ಮುಗಿಯುತ್ತದೆ, ಸುತ್ತಲಿನ ಹುಲ್ಲು ತಾನೇ ಜಾಗ ಮುಚ್ಚುತ್ತದೆ, ಬೀಜವೂ ಹೆಚ್ಚು ಬಿದ್ದಿರುವುದಿಲ್ಲ. ಹಾಗೆ ಕಾಯ್ದುಕೊಂಡ ಅಂಚಿನಿಂದ ದಟ್ಟ ಪೊದೆಯೊಳಕ್ಕೆ ವರ್ಷಕ್ಕಿಷ್ಟು ಎಂದು ಸರಿಯುತ್ತಾ ಹೋಗಬೇಕು. ನಮ್ಮಲ್ಲಿ ಇದಕ್ಕೆ ಅಡ್ಡಿ ವಿಜ್ಞಾನದ್ದಲ್ಲ, ಲೆಕ್ಕದ್ದು. ಹತ್ತು ಗಿಡ ಕಿತ್ತ ಜಾಗ ಫೋಟೊದಲ್ಲಿ ಮೊದಲಿನಂತೆಯೇ ಕಾಣುತ್ತದೆ, ಬಿಲ್ಲು ಪಾಸು ಮಾಡುವವರಿಗೆ ಏನು ತೋರಿಸುವುದು?

ದಟ್ಟ ಪೊದೆಯನ್ನು ತೆಗೆಯಲೇಬೇಕಾದ ಕಡೆಯೂ ಒಮ್ಮೆಗೇ ಬೋಳಿಸಬಾರದು. ಸಣ್ಣ ಹಕ್ಕಿಗಳು ಗೂಡಿಗೆ, ಮೊಲ ಅಡಗುವುದಕ್ಕೆ, ಚಿಟ್ಟೆಗಳು ಮಕರಂದಕ್ಕೆ ಈಗ ಅದನ್ನೇ ನೆಚ್ಚಿಕೊಂಡಿವೆ. ಬೆಂಗಳೂರಿನ ಅಂಚಿನ ಕುರುಚಲು ಗುಡ್ಡಗಳಲ್ಲಿ ಲಂಟಾನ ಬಿಟ್ಟರೆ ಬೇರೆ ಮರೆಯೇ ಇಲ್ಲದ ಜಾಗಗಳಿವೆ. ಪಟ್ಟಿ ಪಟ್ಟಿಯಾಗಿ ತೆಗೆದು, ಮೂಲದ ಗಿಡ ಎದ್ದ ಮೇಲೆ ಉಳಿದ ಪಟ್ಟಿಗೆ ಕೈಹಾಕಬೇಕು.

ಕೀಟ ಬಿಟ್ಟು ಕಳೆ ನಾಶ ಮಾಡಬಾರದೇ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಏಕೆಂದರೆ ಅದು ಗೆದ್ದ ಉದಾಹರಣೆ ನಮ್ಮ ನೆಲದಲ್ಲೇ ಇದೆ. 1795ರಲ್ಲಿ ಬಣ್ಣದ ವ್ಯಾಪಾರದ ಆಸೆಗೆ ಬ್ರೆಜಿಲ್‌ನಿಂದ ತಂದ ಕೊಚಿನೀಲ್ ಕೀಟ ನಿಜವಾದ ಬಣ್ಣದ ಕೀಟವಾಗಿರಲಿಲ್ಲ, ಅದರ ಸೋದರ ಜಾತಿ. ಬಣ್ಣ ಸಿಗಲಿಲ್ಲ, ಆದರೆ ಅದು ಒಂದು ಜಾತಿಯ ಪಾಪಾಸುಕಳ್ಳಿಯನ್ನು ತಿಂದು ಮುಗಿಸಿತು. 1926ರಲ್ಲಿ ಇನ್ನೊಂದು ಕೊಚಿನೀಲ್ ತಂದು ದಕ್ಷಿಣ ಭಾರತದ ಮತ್ತೊಂದು ಜಾತಿಯ ಪಾಪಾಸುಕಳ್ಳಿಯನ್ನು ಹಿಡಿತಕ್ಕೆ ತಂದರು. ಕಾಂಗ್ರೆಸ್ ಗಿಡ ಎನ್ನುವ ಪಾರ್ಥೇನಿಯಂ ತಿನ್ನುವ ಮೆಕ್ಸಿಕೋದ ಜೈಗೋಗ್ರಾಮಾ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಮಳೆಗಾಲದಲ್ಲಿ ಕಾಂಗ್ರೆಸ್ ಗಿಡದ ಎಲೆ ಜರಡಿಯಾಗಿರುವುದನ್ನು ಕಂಡಿದ್ದರೆ ಅದು ಅದರ ಕೆಲಸವೇ.

ಲಂಟಾನದ ವಿಷಯದಲ್ಲಿ ಅದೃಷ್ಟ ಹಾಗಿರಲಿಲ್ಲ. ಕಾಯಿ ಕೊರೆಯುವ ಓಫಿಯೋಮಿಯಾ ನೊಣವನ್ನು 1921ರಲ್ಲಿ ಹವಾಯಿಯಿಂದ ತಂದರು. ಅದು ನೆಲೆಯೂರಿತು, ಲಂಟಾನವೂ ಉಳಿಯಿತು. 1941ರಲ್ಲಿ ಆಸ್ಟ್ರೇಲಿಯಾದಿಂದ ಡೆಹ್ರಾಡೂನಿಗೆ ಬಂದ ಟೆಲಿಯೊನೀಮಿಯಾ ಎಂಬ ಜಾಲರಿ ರೆಕ್ಕೆಯ ತಿಗಣೆ, ಪರೀಕ್ಷೆಯಲ್ಲಿ ತೇಗದ ಹೂವನ್ನೂ ಮುಟ್ಟಿದ್ದರಿಂದ ಅದನ್ನು ನಾಶಮಾಡಲು ನಿರ್ಧಾರವಾಯಿತು. ಅಷ್ಟರಲ್ಲಿ ಅದು ತಪ್ಪಿಸಿಕೊಂಡಿತ್ತು. ಈಗ ಒಣ ಹವೆಯಲ್ಲಿ ಅದು ಲಂಟಾನದ ಎಲೆಯನ್ನು ಸುಟ್ಟಂತೆ ಮಾಡುತ್ತದೆ, ಮಳೆ ಬಂದರೆ ಗಿಡ ಮತ್ತೆ ಚಿಗುರುತ್ತದೆ. ಇಷ್ಟು ಸೋಲಿಗೆ ಕಾರಣ ಆ ಯುರೋಪಿನ ಗಾಜಿನ ಮನೆಗಳಲ್ಲಿದೆ. ಪಾಪಾಸುಕಳ್ಳಿ ಕಾಡಿನ ಜಾತಿಯಾಗಿಯೇ ಬಂತು, ಅದರ ಶತ್ರು ಕೀಟಕ್ಕೆ ಅದರ ಗುರುತಿತ್ತು. ನಮ್ಮಲ್ಲಿರುವ ಲಂಟಾನ ಹಲವು ತಳಿಗಳ ಕಲಬೆರಕೆ. ಒಂದು ತಳಿಯನ್ನು ತಿನ್ನುವ ಕೀಟ ಪಕ್ಕದ ತಳಿಯನ್ನು ಒಲ್ಲೆನ್ನುತ್ತದೆ. ಭಾರತ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾಗಳ ಎರಡು ಶತಮಾನದ ಲಂಟಾನ ನಿರ್ವಹಣೆಯನ್ನು ಒಟ್ಟಿಗೆ ನೋಡಿದ 2012ರ ವಿಮರ್ಶೆಯೊಂದು ಮೂರೂ ದೇಶಗಳಲ್ಲಿ ಅದನ್ನು ನಿರ್ಮೂಲ ಮಾಡಲಾಗಿಲ್ಲ ಎಂದೇ ಹೇಳಿತು. ಹಾಗಾಗಿ ‘ಲಂಟಾನಮುಕ್ತ’ ಎಂಬ ಘೋಷಣೆ ಕೇಳಿದರೆ ನನಗೆ ಅನುಮಾನ. ಯಾವ ಕಣಿವೆ, ಯಾವ ಹಳ್ಳ, ಯಾವ ಹುಲ್ಲುಗಾವಲು ಉಳಿಯಲೇಬೇಕು ಎಂದು ಆರಿಸಿಕೊಂಡು ಅದನ್ನು ಕಾಯುವುದಷ್ಟೇ ನಮ್ಮ ಕೈಯಲ್ಲಿರುವುದು.

ಉಪಯೋಗಿಸಿ ಮುಗಿಸೋಣ ಎಂಬ ಇನ್ನೊಂದು ದಾರಿಗೆ ಮಲೆ ಮಹದೇಶ್ವರ ಬೆಟ್ಟ ಒಳ್ಳೆಯ ಉದಾಹರಣೆ. 2004ರ ಸುಮಾರಿನಿಂದ ಏಟ್ರೀ ಅಲ್ಲಿನ ಸೋಲಿಗರಿಗೆ ಲಂಟಾನದ ಪೀಠೋಪಕರಣ ಮಾಡುವ ತರಬೇತಿ ಕೊಟ್ಟಿತು. ನೇರ ಕಾಂಡ ಆರಿಸಿ, ದೊಡ್ಡ ಹಂಡೆಯ ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಬಿಸಿಯಿದ್ದಾಗಲೇ ತೊಗಟೆ ಸುಲಿದು, ಮೆತ್ತಗಿರುವಾಗ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಬೆತ್ತದ ಕುರ್ಚಿಯಂತೆ ಕಾಣುತ್ತದೆ, ಬೆಲೆ ಕಡಿಮೆ, ಗೆದ್ದಲು ಹತ್ತುವುದಿಲ್ಲ. ಅದೇ ಕೈಗಳು ಕಟ್ಟಿದ ಆಳೆತ್ತರದ ಲಂಟಾನ ಆನೆಗಳು 2024ರಲ್ಲಿ ಲಾಲ್‌ಬಾಗ್‌ನಲ್ಲಿ ನಿಂತಿದ್ದವು. ನೀಲಗಿರಿಯ ಕುಶಲಕರ್ಮಿಗಳ ಆನೆಗಳು ಲಂಡನ್, ಅಮೆರಿಕವನ್ನೂ ಕಂಡವು. ಇದು ಒಳ್ಳೆಯ ಸಂಪಾದನೆಯ ದಾರಿ. ಕಾಡಿನ ಲಂಟಾನವನ್ನು ಕಡಿಮೆ ಮಾಡುವ ದಾರಿಯೆಂದು ಅದನ್ನು ಮಾರಬಾರದು. ಕುರ್ಚಿಗೆ ಬೇಕಾದದ್ದು ಬೆರಳು ದಪ್ಪದ, ನೇರವಾದ ಕಾಂಡ. ಅದನ್ನು ಕಡಿದುಕೊಂಡರೆ ಬುಡ ಮತ್ತೆ ಚಿಗುರುತ್ತದೆ, ಮುಂದಿನ ವರ್ಷಕ್ಕೆ ಹೊಸ ಕಾಂಡ ಸಿದ್ಧ. ಗಿಡ ಮುಗಿದರೆ ಕಸುಬೂ ಮುಗಿಯುತ್ತದೆ ಎಂದಾದಾಗ ಬುಡ ಕೀಳಲು ಯಾರಿಗೆ ಮನಸ್ಸಾದೀತು? ಎರಡನ್ನೂ ಬೆಸೆಯಬೇಕೆಂದರೆ ಬೇರು ಕಿತ್ತದ್ದಕ್ಕೆ ಕೂಲಿ ಬೇರೆ, ಕಾಂಡಕ್ಕೆ ಬೆಲೆ ಬೇರೆ ಎಂದು ಕೊಡಬೇಕು.

ಆ ಕೂಲಿ ಯಾರಿಗೆ ಹೋಗಬೇಕು ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಅರಣ್ಯ ಹಕ್ಕು ಕಾಯ್ದೆಯಡಿ 2011ರಲ್ಲಿ ಸಮುದಾಯ ಹಕ್ಕು ಸಿಕ್ಕಿದೆ. ಹುಲಿ ಸಂರಕ್ಷಿತ ಪ್ರದೇಶದೊಳಗೆ ಹಾಗೆ ಸಿಕ್ಕಿದ್ದು ಅದೇ ಮೊದಲು. ಮೂರು ವರ್ಷ ಅದೇ ಹಳ್ಳದ ದಡಕ್ಕೆ ತಿರುಗಿ ಬರಬೇಕಾದ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗಿಂತ ಪಕ್ಕದ ಪೋಡಿನ, ಎಂದರೆ ಸೋಲಿಗರ ಹಾಡಿಯ ಜನ ಚೆನ್ನಾಗಿ ಮಾಡುತ್ತಾರೆ. ಯಾವ ಸಸಿ ದಿಂಡಿಗ, ಯಾವುದು ಲಂಟಾನ ಎಂದು ಅವರಿಗೆ ಎರಡೆಲೆಯಲ್ಲೇ ಗೊತ್ತು.

ಜಾನುವಾರು ಸಾಕಿದವರಿಗೆ ಕೆಲವು ಮಾತು. ಲಂಟಾನದ ಎಲೆಯಲ್ಲಿ ಲ್ಯಾಂಟಡೀನ್ ಎಂಬ ವಿಷವಿದೆ, ಅದು ಯಕೃತ್ತಿಗೆ ಹೊಡೆಯುತ್ತದೆ. ಊರಿನ ದನ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅಪಾಯ ಬರಗಾಲದಲ್ಲಿ ಹಸಿದ ದನಕ್ಕೆ, ಲಂಟಾನವಿಲ್ಲದ ಕಡೆಯಿಂದ ಹೊಸದಾಗಿ ಕೊಂಡು ತಂದ ದನಕ್ಕೆ. ಮೇವು ಬಿಡುತ್ತದೆ, ಸಗಣಿ ಗಟ್ಟಿಯಾಗುತ್ತದೆ, ಕಣ್ಣಿನ ಬಿಳಿ ಹಳದಿಯಾಗುತ್ತದೆ, ಬಿಸಿಲಿಗೆ ಬಂದರೆ ಮೂತಿಯ ಮೇಲೆ, ಬಿಳಿ ಕೂದಲಿರುವ ಕಡೆ ಚರ್ಮ ಊದಿ ಸುಲಿಯುತ್ತದೆ. ಕೂಡಲೇ ನೆರಳಿಗೆ ಕಟ್ಟಿ ಪಶುವೈದ್ಯರನ್ನು ಕರೆಸಬೇಕು. ತಡಮಾಡಬಾರದು, ಏಕೆಂದರೆ ಹೊಟ್ಟೆಯಲ್ಲಿ ಎಲೆ ಇರುವಷ್ಟು ದಿನ ವಿಷ ಇಳಿಯುತ್ತಲೇ ಇರುತ್ತದೆ. ಮಕ್ಕಳು ಮಾಗಿದ ಕಪ್ಪು ಹಣ್ಣನ್ನು ತಿನ್ನುವುದು ಹಳ್ಳಿಗಳಲ್ಲಿ ಇದ್ದದ್ದೇ. ಹಸಿರು ಕಾಯಿ ಮಾತ್ರ ಬಾಯಿಗೆ ಹೋಗದಂತೆ ನೋಡಿಕೊಳ್ಳಬೇಕು.

ಹೊಲದ ಬದುವಿನಲ್ಲಿ ಲಂಟಾನ ಬೇಲಿ ಇರುವವರು ಅದನ್ನು ಒಂದೇ ವರ್ಷದಲ್ಲಿ ತೆಗೆಯಬೇಕಿಲ್ಲ. ಹಣ್ಣಾಗುವ ಮೊದಲು ವರ್ಷಕ್ಕೆರಡು ಬಾರಿ ತಲೆ ಕತ್ತರಿಸಿ ಮುಚ್ಚಿಗೆಗೆ ಹಾಕಿಕೊಳ್ಳಿ. ಬೀಜವಿಲ್ಲದ, ಒಣಗಿದ ಸೊಪ್ಪಿನಿಂದ ತೊಂದರೆಯಿಲ್ಲ. ಪಕ್ಕದಲ್ಲಿ ಗೊಬ್ಬರದ ಗಿಡ, ಕತ್ತಾಳೆ ಇಲ್ಲವೇ ಬೇರೆ ಯಾವುದಾದರೂ ಬೇಲಿ ಎದ್ದ ಮೇಲೆ ಬುಡ ತೆಗೆಯಿರಿ. ಕಾಡಿಗೆ ತಾಗಿದ ಹೊಲವಾದರೆ ಇದನ್ನು ಮುಂದೂಡಬೇಡಿ.

ಕಾನೂನು ತಡವಾಗಿ ಎಚ್ಚೆತ್ತಿದೆ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಾದ ತಿದ್ದುಪಡಿ ಆಕ್ರಮಣಕಾರಿ ಪರದೇಶಿ ಜೀವಿಗಳನ್ನು ಮೊದಲ ಬಾರಿ ಹೆಸರಿಸಿ, ಅವುಗಳ ಆಮದು, ಮಾರಾಟ, ಸಾಕಣೆಗೆ ಕಡಿವಾಣ ಹಾಕುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿತು. ಮರುವರ್ಷ ವಿಶ್ವಸಂಸ್ಥೆಯ ಬೆಂಬಲದ ಜೀವವೈವಿಧ್ಯ ವೇದಿಕೆ ಇಂಥ ಜೀವಿಗಳಿಂದ ಜಗತ್ತಿಗೆ ವರ್ಷಕ್ಕೆ 42,300 ಕೋಟಿ ಡಾಲರಿಗೂ ಹೆಚ್ಚು ನಷ್ಟವೆಂದು ಅಂದಾಜಿಸಿತು. ಅಷ್ಟು ದೂರ ಹೋಗದೆ ನರ್ಸರಿಯ ಬಾಗಿಲಲ್ಲೇ ಒಂದು ಕೆಲಸವಿದೆ. ಕುಂಡದಲ್ಲಿ ಪುಟ್ಟದಾಗಿ, ಅಚ್ಚ ಹಳದಿ ಇಲ್ಲವೇ ನೇರಳೆ ಹೂ ಬಿಟ್ಟು ಕೂತಿರುವ ಲಂಟಾನವನ್ನು ‘ಇದು ಬೀಜ ಕಟ್ಟುವುದಿಲ್ಲ’ ಎಂದು ಮಾರುತ್ತಾರೆ. ಬೀಜ ಕಟ್ಟದ ಕೆಲವು ತಳಿಗಳ ಪರಾಗಕ್ಕೆ ಜೀವವಿರುತ್ತದೆ. ಚಿಟ್ಟೆ ಅದನ್ನು ಹೊತ್ತು ಬೇಲಿಯ ಲಂಟಾನಕ್ಕೆ ಮುಟ್ಟಿಸಿದರೆ ಅಲ್ಲಿ ಇನ್ನೊಂದು ಹೊಸ ಕಲಬೆರಕೆ ತಳಿ. ಕಾಡಿನ ಹತ್ತಿರದ ರೆಸಾರ್ಟ್, ಹೋಂಸ್ಟೇಗಳ ಅಂಗಳದಲ್ಲಿ ಇದನ್ನು ನೆಡುತ್ತಿರುವವರಿಗೆ ಯಾರಾದರೂ ಹೇಳಬೇಕು. ಚಿಟ್ಟೆಗೆಂದೇ ನೆಡುವುದಿದ್ದರೆ ಕೇಪಳವಿದೆ, ಎಕ್ಕವಿದೆ.